ನನ್ನ ಬ್ಯಾರೆಲ್‌ಗೆ ಹೊಂದುವ ಪೆಲೆಟ್ ಹುಡುಕಿದ ಕಥೆ

ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ರೈಫಲ್ ಆಟ ಕಲಿತು, ಸ್ವಂತದ್ದೊಂದು ರೈಫಲ್ ಕೊಂಡು, ಅದಕ್ಕೆ ಯಾವ ಪೆಲೆಟ್ (ಗಾಳಿಯ ಒತ್ತಡದಲ್ಲಿ ಹಾರುವ ಪುಟ್ಟ ಸೀಸದ ಗುಂಡು) ಸರಿಹೋಗುತ್ತದೆ ಎಂದು ಪರೀಕ್ಷೆ ಮಾಡಿ ಮುಗಿಸುವಷ್ಟರಲ್ಲಿ ಒಂದೂವರೆ ವರ್ಷದ ಹತ್ತಿರ ಬಂತು. ಬೆಂಗಳೂರಿನ ಶೂಟಿಂಗ್ ರೇಂಜ್‌ಗಳಲ್ಲಿ ಇದನ್ನೆಲ್ಲ ಬಾಯಲ್ಲಿ ಹೇಳಿಕೊಡುವವರು ಇದ್ದಾರೆ. ಆದರೆ ಕನ್ನಡದಲ್ಲಿ ಬರೆದಿಟ್ಟದ್ದು ನಾನು ಹುಡುಕಿದಾಗ ಸಿಗಲಿಲ್ಲ. ನನ್ನ ಹಿಂದೆ ಬರುವವರಿಗೆ ಸ್ವಲ್ಪವಾದರೂ ಅಲೆದಾಟ, ಸ್ವಲ್ಪವಾದರೂ ದುಡ್ಡು ಉಳಿಯಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಶುರುವಾದದ್ದು ಏರ್ ರೈಫಲ್‌ನಿಂದಲ್ಲ. ಅಮೆರಿಕದ ಶೂಟರ್‌ಗಳು ತಮ್ಮ ಗುಂಡನ್ನು ತಾವೇ ತಯಾರಿಸಿಕೊಳ್ಳುವ ವಿಡಿಯೋಗಳನ್ನು ರಾತ್ರಿ ಊಟ ಆದ ಮೇಲೆ ನೋಡುತ್ತಿದ್ದೆ. ಹಾರಿಸಿ ಉಳಿದ ಹಿತ್ತಾಳೆ ಕೇಸನ್ನು ತೊಳೆದು, ಅಳತೆಗೆ ಒತ್ತಿ, ಮದ್ದಿಗೆ ಕಿಡಿ ಹಚ್ಚುವ ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಬುಲೆಟ್ ಕೂರಿಸುತ್ತಾರೆ. ಕಾರ್ಖಾನೆಯಿಂದ ಬರುವ ಗುಂಡು ಎಲ್ಲರ ರೈಫಲ್‌ನಲ್ಲೂ ನಡೆಯುವಂತೆ ಮಾಡಿದ್ದು. ಇವರು ಮಾಡುವುದು ತಮ್ಮ ಒಂದೇ ಒಂದು ರೈಫಲ್‌ಗೋಸ್ಕರ. ಅದರಿಂದ ಗುರಿಹಲಗೆಯ ಮೇಲೆ ತೂತುಗಳು ಒಂದರ ಪಕ್ಕ ಒಂದು ಒತ್ತಿಕೊಂಡು ಬೀಳುತ್ತವೆ. ಆ ತಾಳ್ಮೆಯ ಕೆಲಸ ನನ್ನನ್ನು ಹಿಡಿದುಬಿಟ್ಟಿತು. ನಾನೂ ಕಲಿಯಬೇಕು ಎಂದುಕೊಂಡೇ ಕ್ಲಬ್ ಒಂದಕ್ಕೆ ಹೋದೆ.

ಅಲ್ಲಿನ ಕೋಚ್ ಸೇನೆಯಿಂದ ನಿವೃತ್ತರಾದವರು, ಕೊಡಗಿನವರು. ನಾನು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಮನೇಲಿ ಕೂತು ಗುಂಡು ಮಾಡೋದು ನಮ್ಮಲ್ಲಿ ಆಗಲ್ಲ ಸರ್. ಮೊದಲು ಕಾನೂನು ಓದಿ, ಆಮೇಲೆ ಮಾತಾಡೋಣ" ಅಂದರು.

ಓದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸಲು, ಮಾರಲು, ರಿಪೇರಿ ಮಾಡಲು ಅದಕ್ಕೇ ಅಂತ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ತಯಾರಿಕೆಯ ಲೈಸೆನ್ಸ್ ಬೇರೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಬಂದೂಕು ಹೊಂದಲು ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದೆ. ಹಾಗಿದ್ದೂ ಕೋಚ್ ತಮ್ಮ ಮನೆಯಲ್ಲಿ ಕೊಡವರ ಆಯುಧದ ಹಬ್ಬ ಕೈಲ್‌ಪೊಳ್ದ್ ದಿನ ಪೂಜೆಗೆ ಇಡುವ ಕೋವಿಗೆ ಅಂಗಡಿಯಿಂದಲೇ ತೋಟಾ ತರುತ್ತಾರೆ. ಯಾರಾದರೂ "ಮದ್ದು, ಪ್ರೈಮರ್ ಎಲ್ಲ ಎಲ್ಲೋ ಸಿಗುತ್ತೆ, ಮಾಡ್ಕೋಬಹುದು" ಎಂದು ಪಿಸುಗುಟ್ಟಿದರೆ ಅವರ ಸಹವಾಸದಿಂದ ದೂರ ಇರಿ. ಜೈಲಿನ ಮಾತು ಅತ್ತ ಇರಲಿ, ಅಂದಾಜಿನ ಮೇಲೆ ಮದ್ದು ತುಂಬಿದ ತೋಟಾ ನಿಮ್ಮ ಮುಖದ ಪಕ್ಕದಲ್ಲೇ ಸಿಡಿಯಬಹುದು.

ಹಾಗಾದರೆ ಸಣ್ಣ ತೋಟಾದ .22 ರೈಫಲ್ ಹಿಡಿಯೋಣವೇ ಎಂದು ಕೇಳಿದೆ. ಅದರ ತೋಟಾವನ್ನು ಯಾವ ದೇಶದಲ್ಲೂ ಸಾಮಾನ್ಯವಾಗಿ ಮತ್ತೆ ತುಂಬುವುದಿಲ್ಲ. ಅದರಲ್ಲಿ ಪ್ರೈಮರ್ ಮಸಾಲೆ ಕೇಸಿನ ಅಂಚಿನೊಳಗೇ ಇರುತ್ತದೆ, ಫೈರಿಂಗ್ ಪಿನ್ ಅಂಚನ್ನು ಜಜ್ಜಿದ ಮೇಲೆ ಆ ಕೇಸು ಮುಗಿಯಿತು. ಹಾಗಾಗಿ ಒಲಿಂಪಿಕ್ಸ್ ಮಟ್ಟದ .22 ಶೂಟರ್‌ಗಳು ಗುಂಡು ತಯಾರಿಸುವುದಿಲ್ಲ, ಆರಿಸುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಏಲಿ ಕಂಪನಿ, ಜರ್ಮನಿಯ ಶೋನೆಬೆಕ್‌ನಲ್ಲಿ ಲಾಪುವಾ ಕಂಪನಿ ಇದಕ್ಕೇ ಪರೀಕ್ಷಾ ರೇಂಜ್ ಇಟ್ಟಿವೆ. ಶೂಟರ್ ತನ್ನ ರೈಫಲ್ ತಗೊಂಡು ಹೋಗಿ, ಬೇರೆ ಬೇರೆ ಲಾಟ್‌ನ (ಒಂದೇ ಸಲಕ್ಕೆ ತಯಾರಾದ ಕಂತಿನ) ಗುಂಡುಗಳನ್ನು ಹಾರಿಸಿ ನೋಡಿ, ತನ್ನ ಬ್ಯಾರೆಲ್‌ಗೆ ಚೆನ್ನಾಗಿ ಕೂತ ಲಾಟ್ ಕೊಂಡು ಬರುತ್ತಾನೆ. ಒಂದೇ ಹೆಸರು, ಒಂದೇ ಬೆಲೆಯ ಡಬ್ಬಿ ಆದರೂ ಲಾಟ್ ಬದಲಾದರೆ ಗುಂಪು, ಅಂದರೆ ಗುರಿಯ ಮೇಲೆ ತೂತುಗಳು ಹರಡುವ ಅಗಲ, ಬದಲಾಗುತ್ತದೆ.

"ಅದೇ ಕೆಲಸ ಏರ್ ರೈಫಲ್‌ನಲ್ಲೂ ಇದೆ. ಲೈಸೆನ್ಸ್ ಬೇಡ, ಖರ್ಚು ಕಡಿಮೆ. ನಿಮಗೆ ಬೇಕಾಗಿರೋದು ಇದೇ" ಅಂದರು ಕೋಚ್. ಅವರ ಮಾತು ನಿಜವಾಯಿತು.

2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿ.ಮೀ. ಬೋರ್‌ನ (ನಳಿಗೆಯ ಒಳ ಅಗಲದ), 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ರೈಫಲ್ ಸುಮಾರು ಅರ್ಧ ಗ್ರಾಮ್ ಪೆಲೆಟ್ಟನ್ನು ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಕಳಿಸುತ್ತದೆ. ಲೆಕ್ಕ ಹಾಕಿದರೆ ಎಂಟು ಜೂಲ್ ಕೂಡ ಆಗುವುದಿಲ್ಲ. ಆದರೂ ಬಿಲ್ ಮತ್ತು ಆಧಾರ್ ಪ್ರತಿ ರೈಫಲ್ ಪೆಟ್ಟಿಗೆಯಲ್ಲೇ ಇಟ್ಟಿರಿ. ರಸ್ತೆಯಲ್ಲಿ ಪೊಲೀಸರು ಕೇಳಿದರೆ ನಿಯಮ ವಿವರಿಸುವುದಕ್ಕಿಂತ ಕಾಗದ ತೋರಿಸುವುದು ಸುಲಭ. ನಾನು ರೇಂಜ್‌ಗೆ ಹೋಗುವುದು ಬರುವುದು ಸ್ಕೂಟರ್ ಅಥವಾ ಆಟೋದಲ್ಲಿ. ಭದ್ರತಾ ತಪಾಸಣೆ ಇರುವ ಕಡೆ ಈ ಉದ್ದನೆಯ ಪೆಟ್ಟಿಗೆ ಹಿಡಿದು ಹೋಗುವ ಯೋಚನೆಯನ್ನೇ ಮಾಡಬೇಡಿ. ವಿಮಾನದಲ್ಲಿ ಒಯ್ಯುವುದಾದರೆ ಮೊದಲೇ ತಿಳಿಸಬೇಕು, ಲಗೇಜಿಗೇ ಹಾಕಬೇಕು, ಗಾಳಿಯ ಸಿಲಿಂಡರ್ ಪೂರ್ತಿ ಖಾಲಿ ಮಾಡಿರಬೇಕು.

ಕ್ಲಬ್‌ಗೆ ಸೇರಲು ಕೇಳಿದ್ದು ಆಧಾರ್, ವಯಸ್ಸಿನ ದಾಖಲೆ, ಫೋಟೋ, ಒಂದು ಅರ್ಜಿ. ಸ್ಪರ್ಧೆಗೆ ಇಳಿಯಬೇಕೆಂದರೆ ಮುಂದೆ ರಾಜ್ಯ ರೈಫಲ್ ಸಂಸ್ಥೆಯ ಸದಸ್ಯತ್ವ, ರಾಷ್ಟ್ರೀಯ ರೈಫಲ್ ಸಂಸ್ಥೆಯ ಶೂಟರ್ ಗುರುತಿನ ಸಂಖ್ಯೆ ಬೇಕಾಗುತ್ತದೆ. ಇದನ್ನು ಮೊದಲೇ ಶುರು ಮಾಡಿಬಿಡಿ. ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ನನ್ನ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಅಷ್ಟಕ್ಕೇ ಅರ್ಜಿ ವಾಪಸ್ ಬಂತು, ಅಫಿಡವಿಟ್ ಮಾಡಿಸಬೇಕಾಯಿತು.

ಮೊದಲ ಕೆಲವು ತಿಂಗಳು ಕೋಚ್ ನನಗೆ ಏನನ್ನೂ ಕೊಳ್ಳಲು ಬಿಡಲಿಲ್ಲ. ಕ್ಲಬ್‌ನ ರೈಫಲ್, ಕ್ಲಬ್‌ನ ಜಾಕೆಟ್. ಅರ್ಧ ದಿನ ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಒತ್ತುವುದು, ಗೋಡೆಗೆ ಮುಖ ಮಾಡಿ ನಿಂತು ಉಸಿರು ಬಿಡುವುದು. ಬೇಸರ ಆಗುತ್ತದೆ, ನಿಜ. ಆದರೆ ಈಗ ಹಿಂತಿರುಗಿ ನೋಡಿದರೆ ಇಡೀ ಪ್ರಯಾಣದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಅದೇ. ನಿಲುವು ಗಟ್ಟಿಯಾಗುವ ಮುಂಚೆ ರೈಫಲ್ ಕೊಂಡವರು ಭುಜಕ್ಕೆ ಒತ್ತುವ ಬಟ್‌ನ ಎತ್ತರ, ಉದ್ದ ತಿರುಗಿಸುತ್ತಲೇ ವರ್ಷ ಕಳೆಯುವುದನ್ನು ರೇಂಜ್‌ನಲ್ಲಿ ಕಣ್ಣಾರೆ ನೋಡಿದ್ದೇನೆ.

ಹೊಸ ಜರ್ಮನ್ ರೈಫಲ್‌ಗೆ ಮೂರು ಲಕ್ಷದ ಮೇಲೆ ಹೇಳಿದರು. ಅಷ್ಟು ನನ್ನ ಕೈಯಲ್ಲಿ ಇರಲಿಲ್ಲ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಆಟ ಬಿಡುತ್ತಿದ್ದಾನೆಂದು ತಿಳಿದು ಹೋಗಿ ನೋಡಿದೆ. ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೆ ಮಾತಾಯಿತು. ಆ ಹುಡುಗನ ತಾಯಿ ಕಾಫಿ ಕೊಟ್ಟು, "ಚೆನ್ನಾಗಿ ನೋಡ್ಕೊಳ್ಳಿ ಇದನ್ನ, ನಮ್ಮ ಮಗ ಅಳ್ತಾ ಇದ್ದಾನೆ" ಅಂದರು. ರೈಫಲ್ ತರುವಾಗ ನನಗೂ ಗಂಟಲು ಕಟ್ಟಿತು.

ಹಳೆಯ ರೈಫಲ್ ಕೊಳ್ಳುವವರು ಸಿಲಿಂಡರ್ ಮೇಲೆ ಕೊರೆದಿರುವ ತಿಂಗಳು, ವರ್ಷ ಓದಲೇಬೇಕು. ಸ್ಪರ್ಧೆಯ ರೈಫಲ್‌ಗಳ ಸಿಲಿಂಡರ್‌ಗೆ 200 ಬಾರ್ ಒತ್ತಡ ತುಂಬುತ್ತಾರೆ, ತಯಾರಕರು ಅದಕ್ಕೆ ಹತ್ತು ವರ್ಷದ ಆಯಸ್ಸು ಕೊಟ್ಟಿರುತ್ತಾರೆ. ಅವಧಿ ಮುಗಿದ ಸಿಲಿಂಡರ್ ಇಟ್ಟುಕೊಂಡು ಸ್ಪರ್ಧೆಗೆ ಹೋದರೆ ತಕರಾರು ಬರುತ್ತದೆ, ಮೇಲಾಗಿ ಅಪಾಯ. ನನ್ನದಕ್ಕೆ ಒಂದು ವರ್ಷದ ಚಿಲ್ಲರೆ ಬಾಕಿ ಇತ್ತು. ಹೊಸದಕ್ಕೆ ಸುಮಾರು ಮೂವತ್ತು ಸಾವಿರ. ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾದೆ. ಮಾರುವವರು ಪ್ರತಿ ಸಲ "ಮುಂದಿನ ವಾರ ಸರ್" ಅನ್ನುತ್ತಿದ್ದರು. ರೈಫಲ್‌ನ ಬೆಲೆ ಚೌಕಾಸಿ ಮಾಡುವಾಗ ಸಿಲಿಂಡರ್ ಬೆಲೆಯನ್ನೂ ಸೇರಿಸಿಯೇ ಮಾತಾಡಿ. ರೈಫಲ್ ಜೊತೆ ಕಾರ್ಖಾನೆಯಿಂದ ಬಂದ ಪರೀಕ್ಷಾ ಕಾಗದ ಇದ್ದರೆ ಅದನ್ನೂ ಕೇಳಿ ಪಡೆಯಿರಿ. ಹೊಸದರಲ್ಲಿ ಈ ಬ್ಯಾರೆಲ್ ಎಷ್ಟು ಚಿಕ್ಕ ಗುಂಪು ಕೊಟ್ಟಿತ್ತು ಎನ್ನುವುದಕ್ಕೆ ಅದೊಂದೇ ಸಾಕ್ಷಿ.

ಇನ್ನು ಪೆಲೆಟ್.

ಸ್ಪರ್ಧೆಯ ಪೆಲೆಟ್ ಸೀಸದ್ದು. ಮುಂಭಾಗ ಚಪ್ಪಟೆ, ಕಾಗದದಲ್ಲಿ ದುಂಡಗೆ ಕತ್ತರಿಸಿದಂಥ ತೂತು ಮಾಡಲಿ ಎಂದು. ನಡು ಸಣ್ಣ, ಹಿಂದೆ ಅಗಲವಾದ ತೆಳು ಸ್ಕರ್ಟ್. ಗಾಳಿಯ ಒತ್ತಡಕ್ಕೆ ಸ್ಕರ್ಟ್ ಅರಳಿ ಬ್ಯಾರೆಲ್‌ನ ಒಳಗೋಡೆಗೆ ಒತ್ತಿಕೊಳ್ಳುತ್ತದೆ. ರೈಫಲ್‌ನವು ಹೆಚ್ಚಾಗಿ 0.53 ಗ್ರಾಮ್, ಪಿಸ್ತೂಲಿನವು ಅದಕ್ಕಿಂತ ಹಗುರ. ತಲೆಯ ವ್ಯಾಸ 4.49, 4.50, 4.51 ಹೀಗೆ ಮಿಲಿಮೀಟರಿನ ನೂರನೇ ಒಂದು ಭಾಗದ ವ್ಯತ್ಯಾಸದಲ್ಲಿ ಸಿಗುತ್ತದೆ. ಜರ್ಮನಿಯ ಆರ್‌ಡಬ್ಲ್ಯೂಎಸ್, ಎಚ್ ಅಂಡ್ ಎನ್, ಚೆಕ್ ದೇಶದ ಜೆಎಸ್‌ಬಿ, ಇವು ನಮ್ಮ ರೇಂಜ್‌ಗಳಲ್ಲಿ ಹೆಚ್ಚು ಕಾಣುವ ಡಬ್ಬಿಗಳು. ಐನೂರರ ಡಬ್ಬಿಗೆ ನಾನು ಕೊಟ್ಟದ್ದು ಸಾವಿರದಿಂದ ಎರಡು ಸಾವಿರದೊಳಗೆ.

ಇಷ್ಟು ಸಣ್ಣ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆಯೇ ಎಂದು ನನ್ನ ಹೆಂಡತಿ ಕೇಳಿದಳು. ಕಾಗದದ ಮೇಲೆ ಬರೆದು ತೋರಿಸಿದೆ. ಹತ್ತು ಮೀಟರ್ ಗುರಿಯಲ್ಲಿ ಹತ್ತು ಅಂಕದ ಚುಕ್ಕಿಯ ಅಗಲ ಬರೀ ಅರ್ಧ ಮಿಲಿಮೀಟರ್. ಪೆಲೆಟ್‌ನ ಅಂಚು ಆ ಚುಕ್ಕಿಗೆ ತಾಗಿದರೆ 10.0. ಅಲ್ಲಿಂದ ಕೇಂದ್ರದ ಕಡೆಗೆ ಕಾಲು ಮಿಲಿಮೀಟರಿಗೆ ಒಂದೊಂದು ದಶಮಾಂಶ ಏರಿ, 10.9ಕ್ಕೆ ಮುಗಿಯುತ್ತದೆ. 2008ರ ಬೀಜಿಂಗ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತಕ್ಕೆ ಬಂದಾಗ ಫಿನ್ಲೆಂಡಿನ ಶೂಟರ್ ಜೊತೆ ಸಮಸಮ ಇದ್ದರು. ಬಿಂದ್ರಾ ಹೊಡೆದದ್ದು 10.8, ಅಂದರೆ ಪೆಲೆಟ್‌ನ ನಡುಬಿಂದು ಗುರಿಯ ಕೇಂದ್ರದಿಂದ ಅರ್ಧ ಮಿಲಿಮೀಟರ್ ಒಳಗೆ. ಅದು ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ. ಈಗ ರೈಫಲ್ ಅಲುಗದಂತೆ ಕಟ್ಟಿಹಾಕಿ ಹೊಡೆದರೂ ಪೆಲೆಟ್‌ಗಳು ಎರಡು ಮಿಲಿಮೀಟರ್ ಅಗಲಕ್ಕೆ ಚದುರಿದರೆ, ನಾನು ಎಷ್ಟೇ ಚೆನ್ನಾಗಿ ಹೊಡೆದರೂ ಕೆಲವು 10.6ಕ್ಕೆ ಇಳಿಯುತ್ತವೆ. ಚದುರುವಿಕೆ ಒಂದು ಮಿಲಿಮೀಟರ್ ಆದರೆ ಎಲ್ಲವೂ 10.8 ಅಥವಾ 10.9. ಸರಾಸರಿ ಒಂದು ದಶಮಾಂಶ ಉಳಿದರೂ 60 ಹೊಡೆತಕ್ಕೆ ಆರು ಅಂಕ. ರಾಜ್ಯ ಮಟ್ಟದಲ್ಲಿ ಆರು ಅಂಕ ಎಂದರೆ ಎಷ್ಟೋ ಸ್ಥಾನ ಮೇಲೆ ಕೆಳಗೆ.

ಪರೀಕ್ಷೆಗೆ ಡಬ್ಬಿಗಟ್ಟಲೆ ಕೊಳ್ಳಬೇಕಿಲ್ಲ. ಕ್ಲಬ್‌ನ ಬೇರೆ ಬೇರೆ ಶೂಟರ್‌ಗಳ ಹತ್ತಿರ ಸ್ವಲ್ಪ ಸ್ವಲ್ಪ ಪೆಲೆಟ್ ಕೇಳಿ ಪಡೆದೆ, ಬದಲಿಗೆ ನನ್ನದರಲ್ಲಿ ಕೊಟ್ಟೆ. ಮಾತ್ರೆ ಇಡುವ ಪುಟ್ಟ ಡಬ್ಬಿಗಳಿಗೆ ಹತ್ತಿ ಹಾಸಿ ತುಂಬಿ, ಮೇಲೆ ಕಂಪನಿ, ವ್ಯಾಸ, ಲಾಟ್ ನಂಬರ್ ಮೂರನ್ನೂ ಬರೆದೆ. ಲಾಟ್ ನಂಬರ್ ಬರೆಯದ ಪರೀಕ್ಷೆ ಮಾಡಿದರೂ ಒಂದೇ, ಬಿಟ್ಟರೂ ಒಂದೇ. ಯಾಕೆಂದು ಮುಂದೆ ಹೇಳುತ್ತೇನೆ.

ಕೈಯಲ್ಲಿ ಹಿಡಿದು ಹೊಡೆದರೆ ಚದುರಿದ್ದು ಪೆಲೆಟ್‌ನಿಂದಲೋ ನನ್ನಿಂದಲೋ ಗೊತ್ತಾಗುವುದಿಲ್ಲ. ರೈಫಲ್ ಹಿಡಿದುಕೊಳ್ಳುವ ವೈಸ್ ಬೇಕು. ವಿದೇಶದ್ದಕ್ಕೆ ಕೇಳಿದ ಬೆಲೆ ನೋಡಿ ಪೀಣ್ಯದ ವರ್ಕ್‌ಶಾಪ್ ಒಂದಕ್ಕೆ ಹೋದೆ. ಮಾಲೀಕರು ಚಿತ್ರ ನೋಡಿ ಕನ್ನಡಕ ಮೇಲೇರಿಸಿದರು.

"ಗನ್ನಿಗಾ ಸಾರ್? ಪೊಲೀಸ್ ಗಿಲೀಸ್ ಅಂತ ಆಮೇಲೆ ನಮ್ಮ ಬಾಗಿಲಿಗೆ ಬರಲ್ಲ ತಾನೆ?"

ಏರ್ ರೈಫಲ್ ಬಿಲ್, ಕ್ಲಬ್ ಕಾರ್ಡ್, ನಿಯಮದ ಪ್ರತಿ ಎಲ್ಲ ತೋರಿಸಿದೆ. ಆಮೇಲೆ ಅವರಿಗೇ ಆಸಕ್ತಿ ಹುಟ್ಟಿತು. ದಪ್ಪ ಉಕ್ಕಿನ ತಟ್ಟೆ, ಅದರ ಮೇಲೆ ಜಾರುವ ಎರಡು ಅಲ್ಯೂಮಿನಿಯಂ ದವಡೆ, ದವಡೆಗೆ ಒಳಗಡೆ ನೈಲಾನ್ ಪಟ್ಟಿ. ಹಿಡಿಯಬೇಕಾದ್ದು ರೈಫಲ್‌ನ ಮೈಯನ್ನು, ಬ್ಯಾರೆಲ್ಲನ್ನಲ್ಲ. ಬ್ಯಾರೆಲ್ ಬಿಗಿದರೆ ಅದು ನಡುಗುವ ರೀತಿಯೇ ಬದಲಾಗುತ್ತದೆ. ಒಟ್ಟು ಆರೂವರೆ ಸಾವಿರ ಆಯಿತು. ಕೊನೆಯಲ್ಲಿ ಅವರು ದವಡೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಮತ್ತೆ ಅರ ಹಾಕಿ ನುಣುಪು ಮಾಡಿಕೊಟ್ಟರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ವೈಸ್ ಬಂತು, ಆದರೆ ರೇಂಜ್‌ನ ಮೇಜು ಅಲುಗುತ್ತಿತ್ತು. ಯಾರಾದರೂ ಹಿಂದೆ ನಡೆದರೆ ಸಾಕು, ಗುಂಪು ಎರಡಾಗಿ ಸೀಳುತ್ತಿತ್ತು. ಕೊನೆಗೆ ಉಕ್ಕಿನ ಮೇಜನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕೆಳಗಿನ ಅಡ್ಡಪಟ್ಟಿಯ ಮೇಲೆ ಮರಳಿನ ಚೀಲ ಹೇರಿದೆವು. ಯಾರೂ ಇಲ್ಲದ ಭಾನುವಾರ ಬೆಳಗಿನ ಜಾವ, ಫ್ಯಾನ್ ಆರಿಸಿ ಹೊಡೆಯುವುದೆಂದು ಕೋಚ್ ಅನುಮತಿ ಕೊಟ್ಟರು.

ಕ್ರಮ ಹೀಗಿತ್ತು. ಬೇರೆ ಪೆಲೆಟ್‌ಗೆ ಹೋಗುವ ಮುಂಚೆ ಫೆಲ್ಟ್ ಉಂಡೆ ಹಾಕಿ ಬ್ಯಾರೆಲ್ ಒರೆಸುವುದು. ಹೊಸ ಪೆಲೆಟ್‌ನಲ್ಲಿ ಹದಿನೈದಿಪ್ಪತ್ತು ಸುಮ್ಮನೆ ಹೊಡೆದು, ಬ್ಯಾರೆಲ್ ಆ ಸೀಸಕ್ಕೆ ಹೊಂದಿಕೊಂಡ ಮೇಲೆ ಲೆಕ್ಕ ಶುರು. ಒಂದೇ ಕಡೆಗೆ ಹತ್ತು ಹೊಡೆತ, ಆಮೇಲೆ ಗುರಿಯ ಕಾರ್ಡ್ ಬದಲು. ಕ್ಯಾಲಿಪರ್‌ನಲ್ಲಿ ತೂತಿನ ಅತಿ ಅಗಲದ ಜಾಗ ಅಳೆದು 4.5 ಕಳೆದರೆ ಗುಂಪಿನ ಗಾತ್ರ. ಕಾಗದ ತೆಳುವಾಗಿದ್ದರೆ ಅಂಚು ಹರಿದು ಅಳತೆ ಕೆಡುತ್ತದೆ. ಸ್ಪರ್ಧೆಗೆ ಬಳಸುವ ದಪ್ಪ ಕಾರ್ಡನ್ನೇ ತನ್ನಿ.

ನಾನು ಐದೈದು ಹೊಡೆದರೆ ಸಾಲದೇ ಎಂದಾಗ ಕೋಚ್ ಬಿಡಲಿಲ್ಲ. ಅದರ ಕಾರಣ ಕಾಗದದ ಮೇಲೆ ಕಂಡಿತು. ಒಂದೇ ಡಬ್ಬಿಯ ಪೆಲೆಟ್, ಒಂದೇ ಬೆಳಗ್ಗೆ, ಒಂದೇ ವೈಸ್. ಒಂದು ಐದರ ಗುಂಪು ಅಚ್ಚುಕಟ್ಟಾಗಿ ಒಂದೇ ತೂತು, ಅದರ ಪಕ್ಕದ್ದು ಅದರ ಎರಡರಷ್ಟು. ಹೊಡೆತ ಕಡಿಮೆ ಇದ್ದಷ್ಟೂ ಅದೃಷ್ಟದ ಪಾಲು ಜಾಸ್ತಿ. ಹತ್ತರ ಗುಂಪುಗಳನ್ನು ಹಲವು ಸಲ ಹೊಡೆದು ಸರಾಸರಿ ತೆಗೆದಾಗ ಮಾತ್ರ ಒಂದು ಪೆಲೆಟ್‌ಗೂ ಇನ್ನೊಂದಕ್ಕೂ ಇರುವ ನಿಜವಾದ ಅಂತರ ನಿಲ್ಲುತ್ತದೆ. ಚೆನ್ನಾಗಿ ಬಂದ ಒಂದು ಕಾರ್ಡ್ ಹಿಡಿದು "ಇದೇ ನನ್ನ ಪೆಲೆಟ್" ಎಂದು ಹತ್ತು ಡಬ್ಬಿ ಕೊಳ್ಳಬೇಡಿ. ಚೆನ್ನಾಗಿ ಬಂದದ್ದನ್ನು ಇನ್ನೊಂದು ಭಾನುವಾರ ಮತ್ತೆ ಹೊಡೆದು ನೋಡಿ, ಆಗಲೂ ನಿಂತರೆ ನಂಬಿ.

ಯಾವ ಕಂಪನಿ ಗೆದ್ದಿತು ಎಂದು ಬರೆಯುವುದಿಲ್ಲ. ಬಚ್ಚಿಡಲಿಕ್ಕಲ್ಲ, ಅದು ನಿಮಗೆ ಉಪಯೋಗವಿಲ್ಲ. "ಚಪ್ಪಲಿ ಇದ್ದ ಹಾಗೆ ಸರ್, ನಿಮ್ಮ ಕಾಲಿಗೆ ನೀವೇ ಹಾಕ್ಕೊಂಡು ನೋಡಬೇಕು" ಎಂದು ಕೋಚ್ ಹೇಳುತ್ತಿದ್ದದ್ದು ಸರಿ. ನನ್ನಲ್ಲಿ ಅತಿ ದುಬಾರಿ ಡಬ್ಬಿ ಎರಡು ಮಿಲಿಮೀಟರ್ ಮೀರಿತು. ಮಧ್ಯಮ ಬೆಲೆಯ 4.49 ಒಂದು ಮಿಲಿಮೀಟರ್ ಚಿಲ್ಲರೆಯಲ್ಲಿ ನಿಂತಿತು. ಅದೇ ಕಂಪನಿಯ 4.51 ಅದರ ಹತ್ತಿರಕ್ಕೂ ಬರಲಿಲ್ಲ. ನನ್ನ ಪಕ್ಕದ ಲೇನಿನ ಹುಡುಗಿಯ ರೈಫಲ್ ನನ್ನದೇ ಮಾದರಿ. ಅವಳಿಗೆ ಆ ದುಬಾರಿ ಡಬ್ಬಿಯೇ ಚೆನ್ನಾಗಿ ಕೂತಿತು.

ತೂಕದ ವಿಷಯ ಕೇಳುವವರು ಬಹಳ. ವಿಡಿಯೋಗಳಲ್ಲಿ ನೋಡಿದ ಹಾಗೆ ನಾನೂ ಮಿಲಿಗ್ರಾಮ್ ತೋರಿಸುವ ಚಿನ್ನದಂಗಡಿಯ ಮಾದರಿಯ ತಕ್ಕಡಿ ತಂದು ಒಂದು ಡಬ್ಬಿ ಪೂರ್ತಿ ತೂಗಿದೆ. ಒಂದೇ ತೂಕದವನ್ನು ಬೇರೆ ಮಾಡಿ ಹೊಡೆದರೂ ಗುಂಪು ಚಿಕ್ಕದಾಗಲಿಲ್ಲ. ಆದರೆ ತೂಗುವಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ್ದು ಉಪಯೋಗಕ್ಕೆ ಬಂತು. ಸ್ಕರ್ಟ್‌ನ ಅಂಚು ಒಂದು ಕಡೆ ಚಪ್ಪಟೆಯಾದವು, ಸೀಸದ ಸಣ್ಣ ಎಳೆ ಅಂಟಿಕೊಂಡಿದ್ದವು ಅಲ್ಲಲ್ಲಿ ಸಿಕ್ಕವು. ಅಂಥವನ್ನೇ ಕೂಡಿಟ್ಟು ವೈಸ್‌ನಲ್ಲಿ ಹೊಡೆದಾಗ ಗುಂಪು ಅಂಗೈ ಬಿಚ್ಚಿದಂತೆ ಅಗಲವಾಯಿತು. ಹಾಗಾಗಿ ತಕ್ಕಡಿ ಕೊಳ್ಳುವ ದುಡ್ಡು ಉಳಿಸಿ, ಡಬ್ಬಿಯನ್ನು ನೆಲಕ್ಕೆ ಬೀಳಿಸದೆ, ಬ್ಯಾಗಿನಲ್ಲಿ ಕುಲುಕಾಡದಂತೆ ಫೋಮ್ ಸುತ್ತಿ ಇಡಿ. ಪಂದ್ಯದ ಹಿಂದಿನ ಸಂಜೆ ಕಣ್ಣಲ್ಲಿ ನೋಡಿ ಆರಿಸಿದರೆ ಸಾಕು.

ಆರಿಸುವ ಕೆಲಸವನ್ನು ಊಟದ ಮೇಜಿನ ಮೇಲೆ ಮಾಡಬೇಡಿ. ಸೀಸ ವಿಷ. ಕೈಗೆ ಅಂಟುವ ಬೂದು ಪುಡಿ ಬಾಯಿಗೆ ಹೋಗಬಾರದು, ಮಕ್ಕಳಿರುವ ಮನೆಯಲ್ಲಿ ಇನ್ನೂ ಜೋಪಾನ. ನಾನು ಬಾಲ್ಕನಿಯಲ್ಲಿ ಹಳೆಯ ಸ್ಟೀಲ್ ತಟ್ಟೆ ಒಂದನ್ನು ಇದಕ್ಕೇ ಮೀಸಲಿಟ್ಟಿದ್ದೇನೆ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಒಳಗೆ ಬರುವುದು. ರೇಂಜ್‌ನಲ್ಲಿ ಪೆಲೆಟ್ ಮುಟ್ಟಿದ ಕೈಯಲ್ಲಿ ಬಿಸ್ಕತ್ತು ತಿನ್ನುವ ಮಕ್ಕಳನ್ನು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಪೆಲೆಟ್ ಗೊತ್ತಾಯಿತು, ಕೊಳ್ಳಲು ಹೋದೆ. ಅಂಗಡಿಯವರು ಅದೇ ಕಂಪನಿ, ಅದೇ 4.49 ಡಬ್ಬಿ ಮುಂದಿಟ್ಟರು. ಲಾಟ್ ನಂಬರ್ ಬೇರೆ.

"ಎಲ್ಲ ಒಂದೇ ಸರ್, ಯಾರೂ ನಂಬರ್ ಕೇಳಲ್ಲ."

ಒಂದೇ ಒಂದು ಡಬ್ಬಿ ತಂದು ವೈಸ್‌ಗೆ ಕೊಟ್ಟೆ. ಗುಂಪು ಕಣ್ಣಿಗೆ ಕಾಣುವಷ್ಟು ದೊಡ್ಡದಾಯಿತು. ಇಷ್ಟೆಲ್ಲ ಮಾಡಿ ಇಲ್ಲಿ ನಿಂತೆನಲ್ಲ ಎಂದು ಆ ದಿನ ನಿಜವಾಗಿ ಕುಗ್ಗಿಹೋದೆ. ನಂತರದ ವಾರಗಳೆಲ್ಲ ಆ ಒಂದು ನಂಬರಿನ ಹುಡುಕಾಟ. ಗೊತ್ತಿರುವ ಶೂಟರ್‌ಗಳಿಗೆಲ್ಲ ಡಬ್ಬಿಯ ತಳದ ಫೋಟೋ ಕಳಿಸಿದೆ. ಹುಬ್ಬಳ್ಳಿಯಿಂದ, ಬೆಳಗಾವಿಯಿಂದ "ಇಲ್ಲ ರೀ" ಎಂದು ಬಂತು. ಕೊನೆಗೆ ಮಂಗಳೂರಿನ ಒಬ್ಬರ ಹತ್ತಿರ ಸೀಲ್ ಒಡೆಯದ ಡಬ್ಬಿಗಳು ಇರುವುದು ತಿಳಿಯಿತು. ಕೊರಿಯರ್‌ನವರು ಒಳಗೇನಿದೆ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಪಾರ್ಸೆಲ್ ತಗೊಳ್ಳಲಿಲ್ಲ. ಅವರ ತಮ್ಮ ದೀಪಾವಳಿ ಮುಗಿಸಿ ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ತಂದುಕೊಟ್ಟರು. ಮೆಜೆಸ್ಟಿಕ್‌ನಲ್ಲಿ ಆ ಭಾರದ ಚೀಲ ಕೈಗೆ ಬಂದಾಗ ಆದ ಸಂತೋಷ ರೈಫಲ್ ಕೊಂಡ ದಿನವೂ ಆಗಿರಲಿಲ್ಲ. ಹತ್ತು ಡಬ್ಬಿ, ಹದಿನೈದು ಸಾವಿರ.

ಎಷ್ಟು ಬೇಕಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 80 ಹೊಡೆದರೆ ಒಂದು ಡಬ್ಬಿ ಹನ್ನೊಂದು ದಿನ ಬರುತ್ತದೆ. ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ಡಬ್ಬಿ. ಪೂರ್ತಿ ವರ್ಷಕ್ಕೆ ಒಂದೇ ಲಾಟ್ ಕೊಳ್ಳುವ ಶಕ್ತಿ ನಮ್ಮಂಥವರಿಗೆ ಇಲ್ಲ. ದಿನದ ಅಭ್ಯಾಸಕ್ಕೆ ಕಡಿಮೆ ಬೆಲೆಯದ್ದು, ಪಂದ್ಯಕ್ಕೂ ಅದರ ಹಿಂದಿನ ಎರಡು ವಾರಕ್ಕೂ ಆರಿಸಿದ ಲಾಟ್, ಹೀಗೆ ಮಾಡಿಕೊಂಡಿದ್ದೇನೆ. ಪೆಲೆಟ್ ಬದಲಿಸಿದಾಗ ಗುಂಪು ಬೀಳುವ ಜಾಗವೂ ಸ್ವಲ್ಪ ಸರಿಯುತ್ತದೆ, ಗುರಿ ನೋಡುವ ಸೈಟ್ ಎಷ್ಟು ಕ್ಲಿಕ್ ತಿರುಗಿಸಬೇಕೆಂದು ಬರೆದಿಟ್ಟುಕೊಂಡಿರಿ.

ಇದಾದ ಮೇಲೆ ರಾಜ್ಯ ಸ್ಪರ್ಧೆಯಲ್ಲಿ ಮಾಸ್ಟರ್ಸ್ ವಿಭಾಗದಲ್ಲಿ ಹೊಡೆದೆ. ಅಲ್ಲಿನ ಸಲಕರಣೆ ತಪಾಸಣೆಗೆ ಒಂದು ಗಂಟೆ ಕೈಯಲ್ಲಿಟ್ಟುಕೊಂಡು ಹೋಗಿ. ರೈಫಲ್ ತೂಕ 5.5 ಕೆ.ಜಿ. ಮೀರಬಾರದು, ಜಾಕೆಟ್‌ನ ಬಟ್ಟೆ ಒಂದು ಪದರಕ್ಕೆ 2.5 ಮಿ.ಮೀ. ದಾಟಬಾರದು. ಮಳೆಗಾಲದ ತೇವ ಹೀರಿಕೊಂಡ ಕ್ಯಾನ್ವಾಸ್ ಉಬ್ಬಿ ನನ್ನ ಮುಂದಿದ್ದವರ ಜಾಕೆಟ್ ಅಲ್ಲೇ ನಿಂತಿತು. ಹಿಂದಿನ ದಿನ ಜಾಕೆಟ್ಟನ್ನು ಒಣಗಿದ ಜಾಗದಲ್ಲಿ ತೂಗುಹಾಕಿರಿ.

60 ಹೊಡೆತಕ್ಕೆ ನನಗೆ ಬಂದದ್ದು 608.4. ದೇಶದ ಮುಂಚೂಣಿಯವರು 630 ದಾಟುತ್ತಾರೆ, ಅವರ ಲೆಕ್ಕದಲ್ಲಿ ಇದು ಏನೂ ಅಲ್ಲ. ನನಗೆ ಮಾತ್ರ ಇದು ದೊಡ್ಡದು. ನಲವತ್ತರ ಸುಮಾರಿನ ಹೊಡೆತಗಳ ಹೊತ್ತಿಗೆ ಒಂದು 9.6 ಬಿತ್ತು. ಮೊದಲಾಗಿದ್ದರೆ ಪೆಲೆಟ್ ಕೆಟ್ಟದ್ದೋ, ಸೈಟ್ ಸರಿಯಿತೋ, ರೈಫಲ್‌ಗೆ ಏನಾಯಿತೋ ಎಂದು ಮುಂದಿನ ಹತ್ತು ಹೊಡೆತ ಆ ಯೋಚನೆಯಲ್ಲೇ ಹಾಳಾಗುತ್ತಿದ್ದವು. ಈ ಸಲ ರೈಫಲ್ ಕೆಳಗಿಟ್ಟು, ಎಡ ಪಾದ ಒಂದು ಚೂರು ತಿರುಗಿದ್ದನ್ನು ನೋಡಿ ಸರಿಮಾಡಿ ಮತ್ತೆ ನಿಂತೆ. ಮುಂದಿನದು 10.5. ಅಷ್ಟೂ ಖರ್ಚು, ಅಷ್ಟೂ ಕಾಯುವಿಕೆ ನನಗೆ ಕೊಟ್ಟದ್ದು ಈ ನಿಶ್ಚಿಂತೆ.

ಆ ಪೀಣ್ಯದ ವೈಸ್ ಈಗ ಕ್ಲಬ್‌ನಲ್ಲೇ ಇದೆ. ಯಾವ ಕ್ಲಬ್‌ನ ಶೂಟರ್ ಬಂದರೂ ಭಾನುವಾರ ಬೆಳಗ್ಗೆ ಏಳು ಗಂಟೆಯೊಳಗೆ ಬಳಸಲು ಕೋಚ್ ಒಪ್ಪಿದ್ದಾರೆ. ದಪ್ಪ ಕಾರ್ಡ್, ಫೆಲ್ಟ್ ಉಂಡೆ, ಲಾಟ್ ನಂಬರ್ ಬರೆದ ನಿಮ್ಮ ಪೆಲೆಟ್‌ಗಳನ್ನು ತನ್ನಿ. ಕ್ಯಾಲಿಪರ್ ಅಲ್ಲೇ ಇರುತ್ತದೆ.